ಅಡಿಸ್ಥಳದ ಪ್ರಶ್ನೆ: ಈಶ್ವರಮಂಗಲದ ಕಡೆಯಿಂದ ಒಂದು ಚರಿತ್ರೆ

ದಲಿತರ ಚರಿತ್ರೆ ಅಂದ ಕೂಡಲೆ ನಮಗೆ ಮೂರು ಜಾಗಗಳು ನೆನಪಾಗುತ್ತವೆ. ಒಂದು ಗುಡಿಯ ಬಾಗಿಲು, ಇನ್ನೊಂದು ಕೆರೆ ಬಾವಿ, ಮತ್ತೊಂದು ಉಳುವ ಹೊಲ. ಈ ಮೂರರ ಸುತ್ತ ಹೋರಾಟಗಳು ನಡೆದಿವೆ, ಹಾಡುಗಳು ಹುಟ್ಟಿವೆ, ಪ್ರಬಂಧಗಳು ಬಂದಿವೆ. ಆದರೆ ದುಡಿದು ಬಂದವನು ರಾತ್ರಿ ಬೆನ್ನು ನೆಲಕ್ಕೆ ಹಚ್ಚುವ ಜಾಗ ಯಾರದು ಅನ್ನೋ ಪ್ರಶ್ನೆಯನ್ನು ನಮ್ಮ ವಿಮರ್ಶೆ ಹೆಚ್ಚು ಕೇಳಿಕೊಂಡಿಲ್ಲ. ಕಂದಾಯದ ಭಾಷೆಯಲ್ಲಿ ಅದಕ್ಕೆ ಮನೆ ಅಡಿಸ್ಥಳ ಎಂದು ಹೆಸರು. ಮನೆ ಬೇರೆ, ಅಡಿಸ್ಥಳ ಬೇರೆ. ಮನೆಯನ್ನು ಯಾರು ಬೇಕಾದರೂ ಕಟ್ಟಿಕೊಳ್ಳಬಹುದು. ಮುಳಿಹುಲ್ಲು, ಮಡಲು, ನಾಲ್ಕು ಕಂಬ ಸಾಕು. ಅದು ನಿಂತ ನೆಲ ಯಾರ ಹೆಸರಿನಲ್ಲಿದೆ ಅನ್ನುವುದರ ಮೇಲೆ ಅದರೊಳಗಿನವರ ಬಾಯಿ, ಕಾಲು, ಓಟು, ಮಕ್ಕಳ ಶಾಲೆ ಎಲ್ಲವೂ ನಿಂತಿರುತ್ತದೆ. ಈ ಮಾತನ್ನು ದಕ್ಷಿಣ ಕನ್ನಡದ ಒಂದು ಮೂಲೆಯಿಂದ ವಿವರಿಸುವುದು ಈ ಲೇಖನದ ಉದ್ದೇಶ.

ಆ ಮೂಲೆ ಈಶ್ವರಮಂಗಲ. ಪುತ್ತೂರು ತಾಲೂಕಿನ ದಕ್ಷಿಣದಲ್ಲಿ, ಕೇರಳದ ಗಡಿಗೆ ತಾಗಿ, ನೆಟ್ಟಣಿಗೆ ಮುಡ್ನೂರು ಗ್ರಾಮದಲ್ಲಿರುವ ಪೇಟೆ ಇದು. ಬೈಲಿನಲ್ಲಿ ಅಡಕೆ, ಗುಡ್ಡೆಯಲ್ಲಿ ಗೇರು ಮತ್ತು ರಬ್ಬರು. ತುಳು, ಕನ್ನಡ, ಹವ್ಯಕ, ಮರಾಟಿ, ಮಲಯಾಳ, ಬ್ಯಾರಿ ಎಲ್ಲವೂ ಒಂದೇ ಬಸ್ಸಿನಲ್ಲಿ ಕೇಳಿಸುತ್ತವೆ. ಈ ಮೂಲೆಯನ್ನೇ ಆರಿಸಿಕೊಳ್ಳಲು ಕಾರಣವಿದೆ. 1956ರ ವರೆಗೆ ಒಂದೇ ಜಿಲ್ಲೆಯಾಗಿದ್ದ ನೆಲ ಇಲ್ಲಿ ಎರಡು ರಾಜ್ಯಗಳಾಗಿ ಒಡೆಯಿತು. ಆಚೆಗೊಂದು ಕಾನೂನು, ಈಚೆಗೊಂದು ಕಾನೂನು ಬಂತು. ಗುಡಿಸಲಿನ ನೆಲದ ಮಟ್ಟಿಗೆ ಎರಡು ಪ್ರಭುತ್ವಗಳು ಏನು ಮಾಡಿದವು ಎಂದು ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು.

1. ಕೇರಿಯೇ ಇಲ್ಲದ ಅಸ್ಪೃಶ್ಯತೆ

ಕನ್ನಡದ ದಲಿತ ಸಾಹಿತ್ಯ ನಮಗೆ ಕೊಟ್ಟ ಭೂಗೋಳವೆಂದರೆ ಊರು ಮತ್ತು ಕೇರಿ. ಸಿದ್ಧಲಿಂಗಯ್ಯನವರ ಆತ್ಮಕಥನದ ಹೆಸರೇ ‘ಊರುಕೇರಿ’. ಬಯಲುಸೀಮೆಯಲ್ಲಿ ಇದು ಕಣ್ಣಿಗೆ ಕಾಣುವ ಸತ್ಯ. ಊರಿನ ಹೊರಗೆ ಹೊಲಗೇರಿ, ಮಾದಿಗರ ಹಟ್ಟಿ. ಹೊರಗಿಟ್ಟರು ಅನ್ನುವುದು ಕ್ರೌರ್ಯ, ನಿಜ. ಆದರೆ ಹೊರಗಾದರೂ ಅಲ್ಲಿ ನೂರು ಮನೆ ಒಟ್ಟಿಗಿದ್ದವು. ಒಬ್ಬನಿಗೆ ಹೊಡೆದರೆ ಹತ್ತು ಮಂದಿ ಎದ್ದು ಬರುವ ಸಾಧ್ಯತೆ ಇತ್ತು. ತಮಟೆ ಒಂದು ಕಡೆ ಬಡಿದರೆ ಇಡೀ ಕೇರಿಗೆ ಕೇಳಿಸುತ್ತಿತ್ತು.

ತುಳುನಾಡಿನಲ್ಲಿ ಆ ಅರ್ಥದ ಊರೂ ಇಲ್ಲ, ಕೇರಿಯೂ ಇಲ್ಲ. ಇಲ್ಲಿ ಮನೆಗಳು ಚದುರಿದವು. ಒಂದು ವರ್ಗ ಜಾಗ, ಅದರ ನಡುವೆ ಧಣಿಯ ಮನೆ, ಗದ್ದೆ, ತೋಟ. ತೋಟದ ಕೊನೆಗೋ ಗುಡ್ಡೆಯ ಬದಿಗೋ ಒಂದೋ ಎರಡೋ ದಲಿತರ ಗುಡಿಸಲು. ಮುಂದಿನ ಗುಡಿಸಲು ಇನ್ನೊಬ್ಬ ಧಣಿಯ ಜಾಗದಲ್ಲಿ, ಒಂದು ಗುಡ್ಡೆ ದಾಟಿ. ಆದಿದ್ರಾವಿಡ, ಮೊಗೇರ, ಬಾಕುಡ, ಮುಂಡಾಲ, ಅಜಿಲ, ನಲಿಕೆ ಎಂದು ಸರ್ಕಾರಿ ಪಟ್ಟಿಯಲ್ಲಿ ಬೇರೆ ಬೇರೆಯಾಗಿರುವ ಜನ ನೆಲದ ಮೇಲೂ ಹೀಗೆ ಬೇರೆ ಬೇರೆಯಾಗಿದ್ದರು. ಇದನ್ನು ನೋಡಿ ಕೆಲವರು ‘ಕರಾವಳಿಯಲ್ಲಿ ಅಸ್ಪೃಶ್ಯತೆ ಅಷ್ಟಿಲ್ಲ, ಪ್ರತ್ಯೇಕ ಕೇರಿಯೇ ಇಲ್ಲವಲ್ಲ’ ಅಂತ ಹೇಳುವುದುಂಟು. ಇದು ಅರ್ಧ ಓದು. ಇಲ್ಲಿ ಕೇರಿ ಇರಲಿಲ್ಲ, ಯಾಕಂದ್ರೆ ಇಲ್ಲಿ ದಲಿತನೊಬ್ಬ ಊರಿಗೆ ಸೇರಿದ ಆಳಾಗಿರಲಿಲ್ಲ, ಒಂದು ವರ್ಗಕ್ಕೆ ಸೇರಿದ ಆಳಾಗಿದ್ದ.

ಆ ಸಂಬಂಧಕ್ಕೆ ಹೆಸರಿತ್ತು: ಮೂಲದಾಳು. ಬ್ರಿಟಿಷರ ಕಾಲದ ದಕ್ಷಿಣ ಕನ್ನಡದ ಬರಹಗಳಲ್ಲಿ ಮೂಲದ ಹೊಲೆಯ, ಸಾಲದ ಹೊಲೆಯ ಎಂಬ ಎರಡು ಬಗೆಯ ದಾಖಲೆ ಇದೆ. 1909ರಲ್ಲಿ ಹೊರಬಂದ ಥರ್ಸ್ಟನ್ನನ ಸಂಪುಟಗಳಲ್ಲೂ ಇದು ಬರುತ್ತದೆ. ಮೂಲದವನು ವಂಶಪಾರಂಪರ್ಯವಾಗಿ ಒಂದು ವರ್ಗಕ್ಕೆ ಅಂಟಿಕೊಂಡವನು. ಸಾಲದವನು ಮದುವೆಗೋ ಮತ್ತೊಂದಕ್ಕೋ ತೆಗೆದ ಸಾಲಕ್ಕೆ ಕಟ್ಟುಬಿದ್ದವನು. ಮೂಲದವನಿಗೆ ಧಣಿ ಒಂದು ತುಂಡು ಗದ್ದೆ, ಅದರ ಹತ್ತಿರ ಒಂದು ಮಾವಿನ ಮರವೋ ತೆಂಗಿನ ಮರವೋ ಬಿಟ್ಟುಕೊಡುತ್ತಿದ್ದ. ಮೇಲುನೋಟಕ್ಕೆ ಇದು ದಯೆ. ಸ್ವಲ್ಪ ಯೋಚಿಸಿದರೆ ಇದೊಂದು ಕಟ್ಟುಗಂಬ. ನಿಲ್ಲಲು ಜಾಗ ಕೊಟ್ಟವನಿಗೆ ಓಡಿಹೋಗದ ಆಳು ಬೇಕಿತ್ತು. ಸಂಕೋಲೆಗಿಂತ ಒಂದು ಮರ, ಒಂದು ಗುಡಿಸಲು ಅಗ್ಗ.

1843ರ ಐದನೆಯ ಕಾಯ್ದೆ ಭಾರತದಲ್ಲಿ ಗುಲಾಮಗಿರಿಗೆ ಕಾನೂನಿನ ಬೆಂಬಲವನ್ನು ತೆಗೆದುಹಾಕಿತು. 1862ರಿಂದ ಜಾರಿಗೆ ಬಂದ ದಂಡಸಂಹಿತೆ ಮನುಷ್ಯರನ್ನು ಮಾರುವುದನ್ನು ಅಪರಾಧ ಎಂದಿತು. ಆದರೆ ಕೋರ್ಟು ಬಿಡುಗಡೆ ಮಾಡಿದ್ದು ಆಳಿನ ದೇಹವನ್ನು, ಅವನ ಗುಡಿಸಲಿನ ನೆಲವನ್ನಲ್ಲ. ‘ನೀನು ಈಗ ಸ್ವತಂತ್ರ’ ಎಂದು ಹೇಳಿಸಿಕೊಂಡವನು ಸಂಜೆ ಅದೇ ಧಣಿಯ ಜಾಗಕ್ಕೇ ಮಲಗಲು ಹೋಗಬೇಕಿತ್ತು. ಬಿಟ್ಟು ಹೋಗುತ್ತೇನೆ ಅಂದರೆ ಎಲ್ಲಿಗೆ? ಪಕ್ಕದ ವರ್ಗವೂ ಇನ್ನೊಬ್ಬ ಧಣಿಯದ್ದೇ.

ವರ್ಗದ ಹೊರಗೆ ಸರ್ಕಾರಿ ಗುಡ್ಡೆ ಇತ್ತಲ್ಲ ಅಂತ ಕೇಳಬಹುದು. ಅಲ್ಲಿಯೇ ಈ ಜಿಲ್ಲೆಯ ವಿಶೇಷ ಇರುವುದು. ಕೃಷಿ ವರ್ಗದ ಗಡಿಯಿಂದ ನೂರು ಗಜದೊಳಗಿನ ಸರ್ಕಾರಿ ಜಾಗದಲ್ಲಿ ವರ್ಗದಾರನಿಗೆ ಸೊಪ್ಪು, ಸೌದೆ, ಹುಲ್ಲು ತೆಗೆಯುವ ಸವಲತ್ತು ಇದೆ. ಇದೇ ಕುಮ್ಕಿ. ನೆಲ ಸರ್ಕಾರದ್ದು, ಅನುಭವ ಧಣಿಯದ್ದು. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯೂ ಈ ಸವಲತ್ತನ್ನು ಮುಂದುವರಿಸಿತು. ಬೈಲಿನುದ್ದಕ್ಕೂ ವರ್ಗಗಳಿರುವ ಊರಿನಲ್ಲಿ ಪ್ರತಿ ವರ್ಗದ ಸುತ್ತ ನೂರು ಗಜ ಬಿಟ್ಟರೆ ಉಳಿಯುವುದು ನೀರಿಲ್ಲದ, ದಾರಿಯಿಲ್ಲದ ಗುಡ್ಡೆಯ ನೆತ್ತಿ, ಇಲ್ಲವೇ ರಕ್ಷಿತ ಅರಣ್ಯ. ಕುಮ್ಕಿಯಲ್ಲಿ ದಲಿತ ಗುಡಿಸಲು ಹಾಕಿದರೆ ಆಕ್ಷೇಪ ಬರುವುದು ಸರ್ಕಾರದಿಂದಲ್ಲ, ಧಣಿಯಿಂದ. ಅಸ್ಪೃಶ್ಯತೆಯನ್ನು ಶಾಸ್ತ್ರಗ್ರಂಥಗಳಲ್ಲಿ ಮಾತ್ರ ಹುಡುಕುವವರು ಒಮ್ಮೆ ಸರ್ವೆ ನಕ್ಷೆಯನ್ನೂ ಬಿಡಿಸಿ ನೋಡಬೇಕು.

2. ಡಿ.ಸಿ. ಮನ್ನಾ ಎಂಬ ಮರೆತ ಮಾತು

ಮನೆಯ ನೆಲವೇ ಧಣಿಯ ಕೈಯ ಚಾಟಿ ಅನ್ನೋದನ್ನು ಪ್ರಭುತ್ವ ಗಮನಿಸಿರಲಿಲ್ಲ ಅಂತಲ್ಲ. ಮದ್ರಾಸ್ ಪ್ರಾಂತ್ಯದ ಚೆಂಗಲ್ಪಟ್ಟು ಜಿಲ್ಲೆಯ ಅಧಿಕಾರಿಯಾಗಿದ್ದ ಟ್ರೆಮೆನ್‌ಹೀರ್ ಅಲ್ಲಿನ ಪರೆಯರ ಬಗ್ಗೆ ಬರೆದ ಟಿಪ್ಪಣಿಯಲ್ಲಿ, ಆಳುಗಳ ಮನೆ ನಿಂತ ನೆಲ ಭೂಮಾಲೀಕರದ್ದಾಗಿರುವುದರಿಂದಲೇ ಅವರು ಕೂಲಿಯ ಬಗ್ಗೆ ತುಟಿ ಬಿಚ್ಚಲಾರರು ಎಂಬುದನ್ನು ಎತ್ತಿ ತೋರಿಸಿದ. ಅದರ ಹಿಂದೆಯೇ 1892ರಲ್ಲಿ ಮದ್ರಾಸ್ ಸರ್ಕಾರ ದಲಿತರಿಗೆ ಜಮೀನು ಬಿಟ್ಟುಕೊಡುವ ಆದೇಶ ಹೊರಡಿಸಿತು. ತಮಿಳುನಾಡಿನಲ್ಲಿ ಪಂಚಮಿ ಭೂಮಿ ಎಂದು ಇವತ್ತಿಗೂ ಹೋರಾಟ ನಡೆಯುತ್ತಿರುವುದು ಇದರ ಬಗ್ಗೆಯೇ. 1919-20ರ ಹೊತ್ತಿಗೆ ಅದೇ ಸರ್ಕಾರ ನಿಮ್ನ ವರ್ಗಗಳ ಹಿತಕ್ಕಾಗಿ ಲೇಬರ್ ಕಮಿಷನರ್ ಹುದ್ದೆಯನ್ನು ತಂದಿತು. ಮನೆ ನಿವೇಶನ ಒದಗಿಸುವುದು ಆ ಇಲಾಖೆಯ ಮುಖ್ಯ ಕೆಲಸಗಳಲ್ಲೊಂದಾಗಿತ್ತು. ದಕ್ಷಿಣ ಕನ್ನಡ ಆಗ ಮದ್ರಾಸಿನ ಭಾಗ. ನಮ್ಮ ಕಡೆಯ ಕಂದಾಯ ದಾಖಲೆಗಳಲ್ಲಿ ಇವತ್ತಿಗೂ ಕಾಣುವ ‘ಡಿ.ಸಿ. ಮನ್ನಾ’ ಆ ಕಾಲದ ಶೇಷ.

ಡಿ.ಸಿ. ಅಂದರೆ ಜಿಲ್ಲಾಧಿಕಾರಿ ಅಂತ ತಿಳಿದವರು ವಿದ್ಯಾವಂತರಲ್ಲೂ ಇದ್ದಾರೆ. ಅದು ಡಿಪ್ರೆಸ್ಡ್ ಕ್ಲಾಸ್. ಅಂದರೆ ನಿಮ್ನ ವರ್ಗದವರಿಗೆಂದು ಮೀಸಲಿಟ್ಟ ಜಮೀನು. ಜಿಲ್ಲಾಧಿಕಾರಿಯ ಹೆಸರಿನಲ್ಲಿರುವ ಭೂಮಿ ಅಂದುಕೊಂಡರೆ ಅದು ಯಾರಿಗೂ ಸೇರದ ಸರ್ಕಾರಿ ಜಾಗವಾಗಿ ಕಾಣುತ್ತದೆ. ನಿಮ್ನ ವರ್ಗದ ಭೂಮಿ ಅಂದುಕೊಂಡರೆ ಅದಕ್ಕೆ ಹಕ್ಕುದಾರರು ಇದ್ದಾರೆ. ಎರಡಕ್ಷರದ ಸಂಕ್ಷೇಪ ಒಂದು ಸಮುದಾಯದ ಹಕ್ಕನ್ನು ಹೀಗೆ ಮರೆಮಾಡಿದೆ. ದಲಿತ ಸಂಘಟನೆಗಳು ಪುತ್ತೂರು, ಸುಳ್ಯ, ಬೆಳ್ತಂಗಡಿ ಕಡೆಗಳಲ್ಲಿ ವರ್ಷಗಳಿಂದ ಕೇಳುತ್ತ ಬಂದಿರುವುದು ಇಷ್ಟೆ: ಯಾವ ಗ್ರಾಮದಲ್ಲಿ ಎಷ್ಟು ಡಿ.ಸಿ. ಮನ್ನಾ ಇತ್ತು, ಈಗ ಅದರಲ್ಲಿ ಯಾರ ತೋಟ ಇದೆ, ಅಳತೆ ಮಾಡಿ ಹಂಚಿ. ಇದು ಹೊಸ ಬೇಡಿಕೆಯಲ್ಲ. ಒಮ್ಮೆ ಕೊಟ್ಟ ಮಾತನ್ನು ನಡೆಸಿಕೊಡಿ ಅನ್ನುವ ಬೇಡಿಕೆ.

ಸರ್ಕಾರದ ಹೊರಗೂ ಒಂದು ಪ್ರಯತ್ನ ನಡೆದಿತ್ತು. 1859ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಕುದ್ಮುಲ್ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಅವರನ್ನು ನಾವು ಶಾಲೆಗಳಿಗಾಗಿ ನೆನೆಯುತ್ತೇವೆ. ಆದರೆ ಅವರ ಕೆಲಸದಲ್ಲಿ ಶಾಲೆಯ ಜೊತೆಗೆ ಕೈಕಸುಬು ಮತ್ತು ಮನೆ ನಿವೇಶನವೂ ಇದ್ದವು. ಧಣಿಯ ಜಾಗದಲ್ಲಿ ಮಲಗುವ ಮಗು ಬೆಳಿಗ್ಗೆ ಧಣಿಯ ಹಟ್ಟಿಗೆ ಹೋಗುತ್ತದೆಯೇ ಹೊರತು ಶಾಲೆಗಲ್ಲ. ಮನೆ, ಶಾಲೆ, ದುಡಿಮೆ ಮೂರನ್ನೂ ಒಟ್ಟಿಗೆ ಹಿಡಿದದ್ದೇ ಈ ಮಿಷನ್ನಿನ ಹೆಚ್ಚುಗಾರಿಕೆ. ಸವರ್ಣ ಸುಧಾರಕರ ಬಗ್ಗೆ ನಮಗಿರುವ ಗುಮಾನಿಗಳನ್ನು ಇಟ್ಟುಕೊಂಡೇ ಇದನ್ನು ಒಪ್ಪಬೇಕು. ಆದರೆ ಆ ಕೆಲಸದ ನಡುಮಧ್ಯ ಮಂಗಳೂರು ಪೇಟೆ. ಒಳನಾಡಿನ ವರ್ಗಗಳಲ್ಲಿ ಚದುರಿದ ಗುಡಿಸಲುಗಳ ಮಟ್ಟಿಗೆ ಧಣಿ ಅಡಿಸ್ಥಳ ಬಿಟ್ಟುಕೊಡಲಿಲ್ಲ.

ಇದೇ ಕಾಲದಲ್ಲಿ ಪುತ್ತೂರು ಸಹಕಾರ ಚಳವಳಿಯ ತವರಾಗಿತ್ತು. ಮೊಳಹಳ್ಳಿ ಶಿವರಾಯರ ಮುಂದಾಳ್ತನದಲ್ಲಿ 1909ರಲ್ಲಿ ಇಲ್ಲಿ ಸಹಕಾರಿ ಪತ್ತಿನ ಸಂಘ ಶುರುವಾಯಿತು. ಜಿಲ್ಲೆಯ ಕೃಷಿಕರನ್ನು ಬಡ್ಡಿ ಸಾಲದಿಂದ ಬಿಡಿಸಿದ ದೊಡ್ಡ ಚರಿತ್ರೆ ಅದು. ಆದರೆ ಪತ್ತು ಅಂದರೆ ನಂಬಿಕೆ, ನಂಬಿಕೆಗೆ ಆಧಾರ ಅಂದರೆ ಜಮೀನು. ಅಡಿಸ್ಥಳವೇ ಇಲ್ಲದವನ ಪತ್ತಿಗೆ ಯಾವ ಆಧಾರ? ಸಹಕಾರಿ ಸಂಘದ ಬಾಗಿಲಲ್ಲಿ ಜಾತಿ ಕೇಳುವ ಅಗತ್ಯವೇ ಇರಲಿಲ್ಲ, ಪಟ್ಟೆ ಕೇಳಿದರೆ ಸಾಕಿತ್ತು.

3. ಚೋಮನ ಗುಡಿಸಲು

ಪುತ್ತೂರು ಅಂದಮೇಲೆ ಶಿವರಾಮ ಕಾರಂತರ ‘ಚೋಮನ ದುಡಿ’ಯ ಮಾತು ಬರಲೇಬೇಕು. 1933ರಲ್ಲಿ ಬಂದ ಈ ಕಾದಂಬರಿಯನ್ನು ಎಲ್ಲರೂ ಭೂಮಿಯ ಕನಸಿನ ಕಥೆಯಾಗಿ ಓದಿದ್ದಾರೆ. ಹೊಲೆಯನಾದ ಚೋಮನಿಗೆ ಉಳುವ ಆಸೆ, ಧಣಿ ಸಂಕಪ್ಪಯ್ಯನಿಗೆ ಮನಸ್ಸಿದ್ದಂತೆ ಕಂಡರೂ ಸಂಪ್ರದಾಯ ಬಿಡುವುದಿಲ್ಲ, ಕಾಫಿ ತೋಟದ ಸಾಲ ಮಕ್ಕಳನ್ನು ನುಂಗುತ್ತದೆ, ಕೊನೆಗೆ ದುಡಿ ಬಡಿಯುತ್ತ ಚೋಮ ಸಾಯುತ್ತಾನೆ. ದಲಿತ ವಿಮರ್ಶೆ ಈ ಕಾದಂಬರಿಯ ಬಗ್ಗೆ ಎತ್ತಿದ ತಕರಾರು ನ್ಯಾಯವಾದದ್ದು: ಚೋಮ ಸಾಯಬೇಕಾಗಿಯೇ ಯಾಕೆ ಬಂತು, ಅವನ ಸಿಟ್ಟು ದುಡಿಯೊಳಗೇ ಯಾಕೆ ಮುಗಿಯಬೇಕು?

ನನಗೆ ಇನ್ನೊಂದು ಪ್ರಶ್ನೆ ಕಾಡುತ್ತದೆ. ಚೋಮ ಕೇಳಿದ್ದು ಗದ್ದೆ. ಅವನು ಕೂತ ಗುಡಿಸಲಿನ ನೆಲವೂ ತನ್ನದಲ್ಲ ಅನ್ನುವುದು ಅವನಿಗೂ, ಕಾದಂಬರಿಗೂ ಒಂದು ಪ್ರಶ್ನೆಯಾಗಿಯೇ ಕಾಣುವುದಿಲ್ಲ. ಹೊಲೆಯನಿಗೆ ಗದ್ದೆ ಕೊಟ್ಟರೆ ಸಂಪ್ರದಾಯ ಮುರಿಯುತ್ತದೆ ಎಂಬ ಚರ್ಚೆ ಅಲ್ಲಿದೆ. ಹೊಲೆಯನ ಗುಡಿಸಲು ಧಣಿಯ ನೆಲದಲ್ಲಿರುವುದು ಪ್ರಕೃತಿಯಷ್ಟೇ ಸಹಜವಾಗಿ, ಗುಡ್ಡೆ ಕಾಡುಗಳ ಹಾಗೆ, ಹಿನ್ನೆಲೆಯಲ್ಲಿ ಇದೆ. ಯಜಮಾನಿಕೆ ಗಟ್ಟಿಯಾಗುವುದೇ ಹೀಗೆ. ಯಾವುದು ಜಗಳದ ವಸ್ತುವಾಗಿಯೂ ಕಾಣುವುದಿಲ್ಲವೋ ಅಲ್ಲಿ ಅದರ ಬೇರು ಆಳದಲ್ಲಿರುತ್ತದೆ. ಚೋಮನ ಮಕ್ಕಳು ಸಾಲ ತೀರಿಸಲು ಘಟ್ಟದ ತೋಟಕ್ಕೆ ಹೋಗುತ್ತಾರೆ. ಇಲ್ಲಿ ಧಣಿಯ ನೆಲ, ಅಲ್ಲಿ ತೋಟದ ಲಾಯ. ಎರಡು ಕಡೆಯೂ ತಲೆಯ ಮೇಲಿನ ಸೂರು ದುಡಿಮೆಗೆ ಗಂಟುಬಿದ್ದದ್ದು. ಇದನ್ನು ಗಮನಿಸಿದರೆ ‘ಚೋಮನ ದುಡಿ’ ಉಳುಮೆಯ ಕಥೆಯಷ್ಟೇ ಅಲ್ಲ, ಸೂರಿನ ಕಥೆಯೂ ಹೌದು. ಈ ಓದನ್ನು ಕಾರಂತರು ಉದ್ದೇಶಿಸಿದರೋ ಇಲ್ಲವೋ ನಮಗೆ ಬೇಕಿಲ್ಲ. ಅವರ ಕಣ್ಣಿಗೆ ಬಿದ್ದ ವಿವರಗಳು ಪ್ರಾಮಾಣಿಕವಾಗಿವೆ. ಅವುಗಳಿಂದ ನಮಗೆ ಬೇಕಾದ ಚರಿತ್ರೆಯನ್ನು ನಾವು ತೆಗೆದುಕೊಳ್ಳಬೇಕು.

4. ಗಡಿಯ ಆಚೆ ಹತ್ತು ಸೆಂಟ್ಸ್

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು, ಪುತ್ತೂರು ಮೈಸೂರು ರಾಜ್ಯಕ್ಕೆ ಬಂತು. ಕನ್ನಡಿಗರು ಈ ಗೆರೆಯ ಬಗ್ಗೆ ಬಹಳ ಬರೆದಿದ್ದಾರೆ. ಬರೆದದ್ದೆಲ್ಲ ಭಾಷೆಯ ಬಗ್ಗೆ. ಗೆರೆಯ ಎರಡೂ ಕಡೆ ಇದ್ದ ಗುಡಿಸಲುಗಳಿಗೆ ಏನಾಯಿತು ಅನ್ನುವುದು ಯಾವ ಏಕೀಕರಣದ ಚರಿತ್ರೆಯಲ್ಲೂ ದೊಡ್ಡ ಅಧ್ಯಾಯವಾಗಲಿಲ್ಲ.

ಕೇರಳದಲ್ಲಿ 1969ರ ಭೂಸುಧಾರಣಾ ತಿದ್ದುಪಡಿ 1970ರ ಜನವರಿ 1ರಿಂದ ಜಾರಿಗೆ ಬಂತು. ಅದು ಗೇಣಿದಾರರ ಜೊತೆಗೆ ಇನ್ನೊಂದು ವರ್ಗವನ್ನು ಹೆಸರಿಟ್ಟು ಗುರುತಿಸಿತು: ಕುಡಿಕಿಡಪ್ಪುಕಾರರು, ಅಂದರೆ ಇನ್ನೊಬ್ಬರ ಜಾಗದಲ್ಲಿ ಗುಡಿಸಲು ಹಾಕಿಕೊಂಡವರು. ಪಂಚಾಯತು ಪ್ರದೇಶದಲ್ಲಿ 10 ಸೆಂಟ್ಸ್, ಪುರಸಭೆಗಳಲ್ಲಿ 5, ದೊಡ್ಡ ನಗರಗಳಲ್ಲಿ 3 ಸೆಂಟ್ಸ್ ಜಾಗವನ್ನು ಕಡಿಮೆ ಬೆಲೆಗೆ ತಮ್ಮದು ಮಾಡಿಕೊಳ್ಳುವ ಹಕ್ಕು ಅವರಿಗೆ ಸಿಕ್ಕಿತು. ಕಾಗದ ಬರುವ ವರೆಗೆ ಅವರು ಕಾಯಲೂ ಇಲ್ಲ. 1970ರ ಆರಂಭದಲ್ಲಿ ಕೇರಳದ ಹಲವೆಡೆ ಕೂಲಿಕಾರರು ತಾವೇ ತಮ್ಮ ಹತ್ತು ಸೆಂಟ್ಸಿಗೆ ಬೇಲಿ ಹಾಕಿದರು. 1972ರಲ್ಲಿ ವಸತಿ ಮಂತ್ರಿ ಎಂ.ಎನ್. ಗೋವಿಂದನ್ ನಾಯರ್ ‘ಲಕ್ಷಂ ವೀಡು’, ಒಂದು ಲಕ್ಷ ಮನೆಗಳ ಯೋಜನೆ, ತಂದರು.

ಈಚೆ ಕಡೆ? ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ದಕ್ಷಿಣ ಕನ್ನಡದಲ್ಲಿ ಅದು ನಿಜಕ್ಕೂ ನೆಲವನ್ನು ಕದಲಿಸಿತು. ಚಾಲಗೇಣಿ ಒಕ್ಕಲುಗಳು ಡಿಕ್ಲರೇಶನ್ ಕೊಟ್ಟು ಮಾಲೀಕರಾದರು. ಬಂಟರು, ಬಿಲ್ಲವರು, ಗೌಡರು, ಕ್ರಿಶ್ಚಿಯನರು, ಮುಸ್ಲಿಮರು ಅನೇಕರು ಭೂಮಿ ಪಡೆದರು. ಇದು ದೊಡ್ಡ ಸಾಮಾಜಿಕ ಬದಲಾವಣೆ, ಸಂಶಯವಿಲ್ಲ. ಆದರೆ ಡಿಕ್ಲರೇಶನ್ ಕೊಡಲು ಗೇಣಿ ಚೀಟು ಬೇಕು, ಗೇಣಿ ಚೀಟಿಗೆ ಗೇಣಿದಾರನಾಗಿರಬೇಕು. ಮೂಲದಾಳಿನ ಮಗ ಗೇಣಿದಾರನಾಗಿರಲಿಲ್ಲ, ಗೇಣಿದಾರನ ಗದ್ದೆಯ ಆಳಾಗಿದ್ದ. ಉಳುವವನೇ ಹೊಲದೊಡೆಯ ಅಂದರು. ನೇಗಿಲು ಹಿಡಿದವನೂ ಉಳುವವನೂ ಕಾನೂನಿನಲ್ಲಿ ಬೇರೆ ಬೇರೆಯಾಗಿದ್ದರು. ದಲಿತನ ಧಣಿ ಬದಲಾದ, ಧಣಿತನ ಬದಲಾಗಲಿಲ್ಲ. ಹೊಸ ಮಾಲೀಕನಿಗೆ ಹಳೆ ಧಣಿಗಿಂತ ಜಾಗ ಕಡಿಮೆ, ಆದ್ದರಿಂದ ತೋಟದ ಬದಿಯ ಗುಡಿಸಲು ಅವನ ಕಣ್ಣಿಗೆ ಹೆಚ್ಚು ಚುಚ್ಚುತ್ತಿತ್ತು.

ಕರ್ನಾಟಕದ ಕಾಯ್ದೆಯಲ್ಲೂ ಕೃಷಿ ಕೂಲಿಕಾರನ ಮನೆಗೆ ಒಂದು ಕಲಂ ಇದೆ, 38ನೆಯದು. ಇನ್ನೊಬ್ಬರ ಜಮೀನಿನಲ್ಲಿ ವಾಸವಿರುವ ಕೃಷಿ ಕಾರ್ಮಿಕ ತನ್ನ ಮನೆ ಮತ್ತು ಅಡಿಸ್ಥಳವನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬಹುದು ಎಂದು ಅದು ಹೇಳುತ್ತದೆ. ಗೇಣಿದಾರರ ಡಿಕ್ಲರೇಶನ್ನಿನ ಬಗ್ಗೆ ಈ ಜಿಲ್ಲೆಯ ಮಕ್ಕಳಿಗೂ ಗೊತ್ತು. 38ನೆಯ ಕಲಮಿನ ಬಗ್ಗೆ ಕೇಳಿದರೆ ವಕೀಲರೂ ಪುಸ್ತಕ ತೆಗೆಯಬೇಕು. ಎರಡೂ ಒಂದೇ ಕಾಯ್ದೆಯವು. ವ್ಯತ್ಯಾಸ ಇಷ್ಟೆ: ಗೇಣಿದಾರನ ಹಿಂದೆ ಪಕ್ಷವಿತ್ತು, ಸಂಘವಿತ್ತು, ಜಾತಿಯ ಸಂಖ್ಯೆಯಿತ್ತು. ಗುಡ್ಡೆಗೊಂದರಂತೆ ಚದುರಿದ ಗುಡಿಸಲಿನವನು ಧಣಿಯ ಮೇಲೆ ಅರ್ಜಿ ಕೊಟ್ಟು ಅದೇ ರಾತ್ರಿ ಅದೇ ಧಣಿಯ ಜಾಗದಲ್ಲಿ ಒಬ್ಬನೇ ಮಲಗಬೇಕಿತ್ತು. ಹಕ್ಕು ಕೊಡುವುದು ಕಾನೂನಾದರೂ ಅದನ್ನು ಕೇಳುವ ಧೈರ್ಯಕ್ಕೆ ನೆರೆಮನೆ ಬೇಕು.

ಕೇರಳವನ್ನು ಸ್ವರ್ಗ ಮಾಡುವುದೂ ಬೇಡ. ಅಲ್ಲಿಯೂ ಗೇಣಿದಾರನಿಗೆ ಎಕರೆ, ದಲಿತನಿಗೆ ಸೆಂಟ್ಸ್. ಲಕ್ಷಂ ವೀಡಿನಲ್ಲಿ ಎರಡು ಮನೆಗೆ ಒಂದೇ ನಡುಗೋಡೆ. ಮಕ್ಕಳಿಗೆ ಮದುವೆಯಾದಾಗ ಹತ್ತು ಸೆಂಟ್ಸು ಎರಡೂವರೆಯಾಯಿತು. ಸತ್ತವರನ್ನು ಅಡುಗೆಮನೆಯ ಪಕ್ಕದಲ್ಲೇ ಹೂಳಬೇಕಾಗಿ ಬಂದ ಕಥೆಗಳು ಕೇರಳದ ದಲಿತರ ಬಾಯಲ್ಲೇ ಇವೆ. 2007ರಲ್ಲಿ ಚೆಂಗರದ ತೋಟಕ್ಕೆ ನುಗ್ಗಿ ಕೂತ ಜನ ಕೇಳಿದ್ದು ಮನೆಯನ್ನಷ್ಟೇ ಅಲ್ಲ, ಕೃಷಿಭೂಮಿಯನ್ನು. ಆದರೂ ಒಂದು ಮಾತನ್ನು ಒಪ್ಪಲೇಬೇಕು. ಹತ್ತು ಸೆಂಟ್ಸಿನ ಮೇಲೆ ನಿಂತವನು ಕೂಲಿ ಕಡಿಮೆಯಾದರೆ ‘ನಾಳೆ ಬರುವುದಿಲ್ಲ’ ಅನ್ನಬಲ್ಲ. ಆ ವಾಕ್ಯ ಹೇಳಲು ಬೇಕಾದಷ್ಟು ನೆಲ ಎಷ್ಟು ಅಂತ ಕೇಳಿದರೆ, ಹತ್ತು ಸೆಂಟ್ಸ್ ಸಾಕು.

5. ರಬ್ಬರು ತೋಟದ ಕ್ವಾರ್ಟರ್ಸು

ಹಳೆಯದು ಮುಗಿಯಿತು ಅಂತ ತಿಳಿಯುವ ಹಾಗಿಲ್ಲ. 1964ರ ಅಕ್ಟೋಬರಿನಲ್ಲಿ ಶಾಸ್ತ್ರಿ ಮತ್ತು ಸಿರಿಮಾವೊ ಒಪ್ಪಂದ ಮಾಡಿಕೊಂಡು ಸಿಲೋನಿನ ತೋಟಗಳಲ್ಲಿದ್ದ 5,25,000 ತಮಿಳು ಕಾರ್ಮಿಕರನ್ನು ಭಾರತಕ್ಕೆ ಕರೆಸಿಕೊಳ್ಳಲು ತೀರ್ಮಾನಿಸಿದರು. ಅವರಲ್ಲಿ ಒಂದು ಭಾಗ ಸುಳ್ಯ, ಪುತ್ತೂರು, ಕಡಬದ ಕಡೆಯ ರಬ್ಬರು ತೋಟಗಳಿಗೆ ಬಂತು. ಆ ತೋಟಗಳು ಈಗ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದವು. ಹೀಗೆ ಬಂದವರಲ್ಲಿ ಬಹಳ ಮಂದಿ ದಲಿತರು. ಬ್ರಿಟಿಷರ ಕಾಲದಲ್ಲಿ ಅವರ ಅಜ್ಜಂದಿರು ತಮಿಳುನಾಡಿನ ಧಣಿಗಳಿಂದ ತಪ್ಪಿಸಿಕೊಂಡು ಸಿಲೋನಿನ ಲಾಯಗಳಿಗೆ ಹೋಗಿದ್ದರು. ಮೊಮ್ಮಕ್ಕಳು ಲಾಯದಿಂದ ಕ್ವಾರ್ಟರ್ಸಿಗೆ ಬಂದರು.

ಕ್ವಾರ್ಟರ್ಸು ಅಂದರೆ ಕೆಲಸವಿರುವ ವರೆಗಿನ ಮನೆ. ನಿವೃತ್ತಿಯಾದರೆ, ಮನೆಯಲ್ಲಿ ಬೇರೆ ಯಾರೂ ನಿಗಮದ ಕೆಲಸದಲ್ಲಿಲ್ಲದಿದ್ದರೆ, ಸೂರಿನ ಪ್ರಶ್ನೆ ಎದುರಾಗುತ್ತದೆ. ಬೇರೆ ಕಡೆ ನಿವೇಶನ ಕೇಳೋಣವೆಂದರೆ ಜಾತಿ ಪ್ರಮಾಣಪತ್ರದ ತೊಡಕು. ತಮಿಳುನಾಡಿನಲ್ಲಿ ಪರಿಶಿಷ್ಟರಾದವರು ಸಮುದ್ರ ದಾಟಿ ವಾಪಸು ಬಂದು ಇನ್ನೊಂದು ರಾಜ್ಯದಲ್ಲಿ ನೆಲೆಸಿದಾಗ ಯಾರು? ಈ ಪ್ರಶ್ನೆಯನ್ನು ಹಿಡಿದು ಅವರು ದಶಕಗಳ ಕಾಲ ಕಚೇರಿ ಸುತ್ತಬೇಕಾಯಿತು. ಮೂಲದಾಳಿನ ಗುಡಿಸಲು, ಚೋಮನ ಮಕ್ಕಳು ಹೋದ ತೋಟ, ಸರ್ಕಾರಿ ನಿಗಮದ ಕ್ವಾರ್ಟರ್ಸು ಇವು ಮೂರು ಒಂದೇ ಅಂತ ನಾನು ಹೇಳುತ್ತಿಲ್ಲ. ನಿಗಮದಲ್ಲಿ ಸಂಬಳವಿದೆ, ಯೂನಿಯನ್ ಇದೆ. ಆದರೆ ಸೂರನ್ನು ದುಡಿಮೆಗೆ ಕಟ್ಟುವ ತತ್ವ ಮೂರರಲ್ಲೂ ಒಂದೇ.

6. ಕಾಲನಿ: ಬೇಲಿಯೋ ಬಯಲೋ

ಈ ಕಟ್ಟನ್ನು ಸಡಿಲಿಸಿದ್ದು ಯಾವುದು ಎಂದು ಪ್ರಾಮಾಣಿಕವಾಗಿ ಕೇಳಿಕೊಂಡರೆ, ನಾವು ಬೈಯುತ್ತಲೇ ಬಂದ ಸರ್ಕಾರಿ ಕಾಲನಿ ಅನ್ನಬೇಕಾಗುತ್ತದೆ. ಎಪ್ಪತ್ತರ ದಶಕದ ಜನತಾ ಮನೆ, 1985ರಲ್ಲಿ ಶುರುವಾದ ಇಂದಿರಾ ಆವಾಸ್, 1991-92ರ ಆಶ್ರಯ ಯೋಜನೆ, ಆಮೇಲೆ ಅಂಬೇಡ್ಕರ್ ಹೆಸರಿನ ವಸತಿ ಯೋಜನೆ ಇವೆಲ್ಲ ಗುಡ್ಡೆಯ ಮೇಲೆ ಐದು ಸೆಂಟ್ಸಿನ ಸಾಲುಗಳನ್ನು ಹುಟ್ಟಿಸಿದವು. ಇಂದಿರಾ ಆವಾಸ್ ಮೊದಲಿಗೆ ಪರಿಶಿಷ್ಟರಿಗೆ ಮತ್ತು ಜೀತವಿಮುಕ್ತರಿಗೆ ಮಾತ್ರ ಇತ್ತು, 1993-94ರಿಂದ ಇತರ ಬಡವರಿಗೂ ವಿಸ್ತರಿಸಿತು. 2016ರಿಂದ ಅದರ ಜಾಗದಲ್ಲಿ ಪ್ರಧಾನಮಂತ್ರಿ ಆವಾಸ್ ಬಂತು: ಕನಿಷ್ಠ 25 ಚದರ ಮೀಟರ್, ಬಯಲು ಪ್ರದೇಶದಲ್ಲಿ 1.20 ಲಕ್ಷ ರೂಪಾಯಿ, ಅದೂ ಕಂತಿನಲ್ಲಿ. ಪಂಚಾಂಗ, ಗೋಡೆ, ಮಾಡು ಒಂದೊಂದು ಹಂತಕ್ಕೂ ಫೋಟೊ. ಕಂತು ತಡವಾದರೆ ಮಾಡಿಲ್ಲದ ಗೋಡೆಯ ಮೇಲೆ ನಮ್ಮ ಮಳೆ ಬೀಳುತ್ತದೆ. ಕರಾವಳಿಯ ಮಳೆಗೆ ದಿಲ್ಲಿಯ ಕಂತಿನ ಲೆಕ್ಕ ಗೊತ್ತಿಲ್ಲ.

ಹೋಗಲಿ. ಕಾಲನಿಗಳ ಕೊರತೆ ಎಲ್ಲರಿಗೂ ಗೊತ್ತು. ಮಾರ್ಚಿನಲ್ಲಿ ಬತ್ತುವ ಕೊಳವೆಬಾವಿ, ಶವ ಹೊತ್ತು ಇಳಿಯಲಾಗದ ದಾರಿ, ಎರಡು ಮೈಲು ದೂರದ ಅಂಗನವಾಡಿ, ಇಲ್ಲದ ಸ್ಮಶಾನ. ಮನೆ ಕೊಟ್ಟೆವು ಅಂತ ಲೆಕ್ಕ ಬರೆದ ಸರ್ಕಾರ ಬದುಕಿನ ಲೆಕ್ಕ ಬರೆಯಲಿಲ್ಲ. ಬಡವರ ಮನೆ ಅಂದರೆ ಗೋಡೆ ಮಾಡು ಮಾತ್ರವಲ್ಲ. ಅದಕ್ಕೆ ಆತುಕೊಂಡ ನೀರು, ದಾರಿ, ಬಾಲವಾಡಿ, ಆಸ್ಪತ್ರೆಗೆ ಹೋಗುವ ಬಸ್ಸು, ಹುಡುಗಿಯರಿಗೆ ಹಾಸ್ಟೆಲು ಸೇರಿದರೆ ಮನೆ. ಇವನ್ನು ಸೌಲಭ್ಯ ಎಂದು ಕರೆಯುವುದೇ ತಪ್ಪು, ಅವು ಮನೆಯ ಅಂಗಗಳು.

ಆದರೆ ಕಾಲನಿ ಇನ್ನೊಂದು ಕೆಲಸವನ್ನೂ ಮಾಡಿತು. ನಾನು ಮೊದಲೇ ಹೇಳಿದ ಹಾಗೆ ತುಳುನಾಡಿನಲ್ಲಿ ಕೇರಿ ಇರಲಿಲ್ಲ. ಕಾಲನಿ ನಮಗೆ ಮೊದಲ ಬಾರಿಗೆ ಕೇರಿಯನ್ನು ಕೊಟ್ಟಿತು. ಬೇರೆ ಬೇರೆ ಧಣಿಗಳ ಜಾಗದಿಂದ ಬಂದ ಆದಿದ್ರಾವಿಡನೂ ಮೊಗೇರನೂ ಒಂದೇ ನಳ್ಳಿಯ ಹತ್ತಿರ ನಿಂತರು. ಅಲ್ಲಿ ಜಗಳವೂ ಆಯಿತು, ಸಂಬಂಧವೂ ಆಯಿತು, ಅಂಬೇಡ್ಕರ್ ಜಯಂತಿಯೂ ನಡೆಯಿತು. ಊರಿನಿಂದ ಹೊರಗಿಡಲು ಮಾಡಿದ್ದು ಒಳಗಿನವರಿಗೆ ಒಂದು ಬಯಲಾಯಿತು. ಬಯಲುಸೀಮೆಯ ಗೆಳೆಯರು ಕೇರಿಯಿಂದ ಬಿಡುಗಡೆ ಬೇಕು ಎಂದು ಬರೆದಾಗ ನಮಗೆ ಅರ್ಥವಾಗುತ್ತದೆ. ಆದರೆ ಕೇರಿಯೇ ಇಲ್ಲದೆ ಒಬ್ಬೊಬ್ಬರಾಗಿ ಬದುಕಿದವರಿಗೆ ಕೇರಿ ಸಿಗುವುದು ಒಂದು ರಾಜಕೀಯ ಘಟನೆ ಅನ್ನುವುದನ್ನು ಅವರೂ ಅರಿಯಬೇಕು. ಕನ್ನಡದ ದಲಿತ ವಿಮರ್ಶೆ ಒಂದೇ ಭೂಗೋಳದಿಂದ ಮಾತಾಡುವುದನ್ನು ಬಿಡಬೇಕು ಎಂದು ನಾನು ಹೇಳುತ್ತಿರುವುದು ಇದೇ ಕಾರಣಕ್ಕೆ.

ಬಾಬಾಸಾಹೇಬರು ಈ ವಿಚಾರವನ್ನು ಬಹಳ ಮುಂದಕ್ಕೆ ಯೋಚಿಸಿದ್ದರು. 1942ರ ಜುಲೈಯಲ್ಲಿ ನಾಗಪುರದಲ್ಲಿ ನಡೆದ ಅಖಿಲ ಭಾರತ ನಿಮ್ನ ವರ್ಗಗಳ ಸಮ್ಮೇಳನ ದಲಿತರಿಗೆ ಪ್ರತ್ಯೇಕ ವಸಾಹತುಗಳು ಬೇಕೆಂದು ನಿರ್ಣಯ ಮಾಡಿತು. 1947ರಲ್ಲಿ ಸಂವಿಧಾನ ಸಭೆಗಾಗಿ ಅವರು ಸಿದ್ಧಪಡಿಸಿದ ಮನವಿಯಲ್ಲಿ ಇದಕ್ಕಾಗಿ ಒಂದು ವಸಾಹತು ಆಯೋಗವನ್ನೇ ಕೇಳಿದರು. ಗಮನಿಸಿ, ಅವರು ಕೇಳಿದ್ದು ಐದು ಸೆಂಟ್ಸಿನ ಕಾಲನಿಯಲ್ಲ. ಹಿಂದೂ ಹಳ್ಳಿಯ ಹಂಗಿಲ್ಲದೆ ಬದುಕಲು ಸಾಕಾಗುವ, ಸಾಗುವಳಿ ಭೂಮಿ ಸಹಿತವಾದ ನೆಲೆ. ಸಂವಿಧಾನದಲ್ಲಿ ಈ ಬೇಡಿಕೆಗೆ ಜಾಗ ಸಿಗಲಿಲ್ಲ. ನಮಗೆ ಸಿಕ್ಕ ಕಾಲನಿ ಆ ದೊಡ್ಡ ಕಲ್ಪನೆಯ ಮುರುಕು ಚೂರು.

ಈ ಚೂರನ್ನು ಇಡಿಯಾಗಿ ಕೇಳಿದವರು ನಮ್ಮ ಜಿಲ್ಲೆಯಲ್ಲಿ ಕೊರಗರು. ಎಲ್ಲರಿಗಿಂತ ಕೆಳಗೆ ತಳ್ಳಲ್ಪಟ್ಟು, ಕೊಪ್ಪಗಳಲ್ಲಿ ಬದುಕಿ, ಅಜಲಿನ ಅವಮಾನ ಉಂಡವರು 1993ರ ಆಗಸ್ಟ್ 18ರಂದು ಮಂಗಳೂರಿನಲ್ಲಿ ಭೂಮಿಗಾಗಿ ಮೆರವಣಿಗೆ ಮಾಡಿದರು. ಆ ದಿನವನ್ನು ಇಂದಿಗೂ ಭೂಮಿ ಹಬ್ಬವಾಗಿ ಆಚರಿಸುತ್ತಾರೆ. 1994ರಲ್ಲಿ ಡಾ. ಮಹಮ್ಮದ್ ಪೀರ್ ವರದಿ ಪ್ರತಿ ಕೊರಗ ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿ ಕೊಡಬೇಕೆಂದಿತು. ಅಜಲು ನಿಷೇಧ ಕಾಯ್ದೆ 2000ದಲ್ಲಿ ಬಂತು. ಎರಡೂವರೆ ಎಕರೆ ಇನ್ನೂ ಎಲ್ಲರಿಗೂ ಬಂದಿಲ್ಲ. ಅವಮಾನವನ್ನು ನಿಷೇಧಿಸುವುದು ಸರ್ಕಾರಕ್ಕೆ ಸುಲಭ, ಭೂಮಿ ಕೊಡುವುದು ಕಷ್ಟ.

7. ಈಗ ಕೇಳಬೇಕಾದದ್ದು

ಕಾನೂನುಗಳ ಕೊರತೆ ಈಗಲೂ ಇಲ್ಲ. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ ಭೂ ಕಂದಾಯ ಕಾಯ್ದೆಯ 94ಸಿ ಇದೆ. ತಾಂಡಾ, ಹಟ್ಟಿ, ಹಾಡಿಗಳ ದಾಖಲೆಯಿಲ್ಲದ ವಾಸಕ್ಕೆ ಭೂಸುಧಾರಣಾ ಕಾಯ್ದೆಗೆ 38ಎ ಸೇರಿಸಿದರು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಹಂಚಿದ್ದು ಇದರಡಿಯಲ್ಲಿ. ಪರಿಶಿಷ್ಟರಿಗೆ ಮಂಜೂರಾದ ಭೂಮಿಯ ಪರಭಾರೆ ತಡೆಯುವ 1978ರ ಕಾಯ್ದೆಗೆ, ಹಲವು ವರ್ಷಗಳ ಧರಣಿಯ ನಂತರ, 2023ರಲ್ಲಿ ತಿದ್ದುಪಡಿ ಬಂತು. ಭೂಮಿ ವಾಪಸು ಕೇಳಲು ಕಾಲಮಿತಿಯ ನೆಪ ಹೇಳುವಂತಿಲ್ಲ ಎಂದಾಯಿತು. ಇನ್ನೊಂದು ಕಡೆ ಕುಮ್ಕಿಯನ್ನು ವರ್ಗದಾರರಿಗೇ ಮಾಡಿಕೊಡಬೇಕೆಂಬ ಒತ್ತಾಯ ಪ್ರತಿ ಚುನಾವಣೆಯ ಹೊತ್ತಿಗೂ ಏಳುತ್ತದೆ. ಹಾಗಾದರೆ ಉಳಿದ ನೆಲವೂ ಹೋದ ಹಾಗೆ. ಸೊಪ್ಪು ತೆಗೆಯುವ ಸವಲತ್ತು ಮಾಲೀಕತ್ವವಾಗುವಾಗ, ತಲೆಮಾರುಗಳಿಂದ ಅಲ್ಲಿ ವಾಸ ಮಾಡಿದ್ದು ಯಾಕೆ ಮಾಲೀಕತ್ವವಾಗಬಾರದು? ಈ ಪ್ರಶ್ನೆಯನ್ನು ಕೇಳದ ಯಾವ ಕುಮ್ಕಿ ಚರ್ಚೆಯೂ ನ್ಯಾಯದ್ದಲ್ಲ.

ಆದ್ದರಿಂದ ಸಂಘಟನೆಯ ಗೆಳೆಯರಲ್ಲಿ ಮತ್ತು ಬರೆಯುವ ಗೆಳೆಯರಲ್ಲಿ ಎರಡು ಮಾತು. ಸಂಘಟನೆಯವರು ಗ್ರಾಮವಾರು ಡಿ.ಸಿ. ಮನ್ನಾದ ಪಟ್ಟಿಯನ್ನು ಹಳೆಯ ಅಡಂಗಲ್ಲು ಮತ್ತು ಈಗಿನ ಪಹಣಿ ಎರಡನ್ನೂ ಎದುರುಬದುರು ಇಟ್ಟು ತಯಾರಿಸಬೇಕು. ಒಂದು ಸರ್ವೆ ನಂಬರು ಎಲ್ಲಿ ತಪ್ಪಿಸಿಕೊಂಡಿತು ಅಂತ ತೋರಿಸಿಕೊಟ್ಟರೆ ಅದು ನೂರು ಭಾಷಣಕ್ಕೆ ಸಮ. ಬರೆಯುವವರು ಚರಿತ್ರೆಯನ್ನು ಶಾಸನ ತಾಳೆಗರಿಗಳಲ್ಲಿ ಮಾತ್ರ ಹುಡುಕದೆ ತಾಲೂಕು ಕಚೇರಿಯ ರೆಕಾರ್ಡು ಕೋಣೆಗೂ ಹೋಗಬೇಕು. ನಮ್ಮ ಅಜ್ಜಂದಿರ ಹೆಸರು ಅಲ್ಲಿ ಸಿಗಲಾರದು. ಆದರೆ ಅವರ ಗುಡಿಸಲು ನಿಂತಿದ್ದ ಜಾಗದ ನಂಬರು ಸಿಗುತ್ತದೆ, ಅದು ಯಾರ ಹೆಸರಿಗೆ ಹೋಯಿತು ಅನ್ನುವುದೂ ಸಿಗುತ್ತದೆ. ಆ ನಂಬರನ್ನು ಹಿಡಿದು ಹಕ್ಕುಪತ್ರ ಕೇಳುವವನು ದಾನ ಕೇಳುತ್ತಿಲ್ಲ. ಬಾಕಿ ವಸೂಲಿಗೆ ಬಂದಿದ್ದಾನೆ.